ರುಜುವಿಲ್ಲದ ನುಡಿ: ಮಾತನಾಡುವ ಯಂತ್ರಗಳ ಚರಿತ್ರೆಯೂ ಧರ್ಮವಿಚಾರವೂ

೧

ಕಳೆದ ರಾಜ್ಯೋತ್ಸವದ ಸಭೆಯಲ್ಲಿ ಈ ನಗರದ ಕನ್ನಡಿಗರ ಪೂರ್ವೇತಿಹಾಸವನ್ನು ಕುರಿತು ಹತ್ತು ನಿಮಿಷ ಮಾತನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದರು. ಬ್ಯಾಂಕಿನ ಅರ್ಧವಾರ್ಷಿಕ ಲೆಕ್ಕದ ಕೆಲಸದಲ್ಲಿ ಮುಳುಗಿದ್ದ ನನಗೆ ಬೆಲ್ವೆಡಿಯರಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಿ ಕೂಡಲು ಬಿಡುವಾಗಲಿಲ್ಲ. ಈಗ ಎಲ್ಲರ ಕೈಯಲ್ಲಿಯೂ ಇರುವ ಸಂಭಾಷಣಾಯಂತ್ರಗಳಲ್ಲಿ, ಎಂದರೆ ಚಾಟ್‌ಬಾಟುಗಳಲ್ಲಿ, ಒಂದನ್ನು ಕೇಳಿದೆ. ಕ್ಷಣಾರ್ಧದಲ್ಲಿ ಅದು ತಿದ್ದಿ ತೀಡಿದ ಕನ್ನಡದಲ್ಲಿ ಉತ್ತರವಿತ್ತಿತು: ಹತ್ತೊಂಬತ್ತನೆಯ ಶತಮಾನದಲ್ಲಿ ಬಡಾಬಜಾರಿನ ಕನ್ನಡ ವರ್ತಕರು ಒಂದು ಪಾಠಶಾಲೆಯನ್ನು ನಡೆಸುತ್ತಿದ್ದರಂತೆ, ಅದರ ಸ್ಥಾಪಕರ ಹೆಸರು ಇಂಥದು, ಸ್ಥಾಪನೆಯ ವರ್ಷ ಇಂಥದು, ಆಧಾರಗ್ರಂಥ ಇಂಥದು. ನಾನು ಸಂತೋಷಪಟ್ಟು ಅದನ್ನು ಸಭೆಯಲ್ಲಿ ಹೇಳಿದೆ. ಜನರೂ ಚಪ್ಪಾಳೆ ತಟ್ಟಿದರು.

ಸಭೆ ಮುಗಿದ ಮೇಲೆ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಹತ್ತಿರ ಬಂದು, "ರಾಯರೇ, ಆ ಪಾಠಶಾಲೆಯ ವಿಷಯ ಯಾವ ಪುಸ್ತಕದಲ್ಲಿದೆ? ನಾನು ಐವತ್ತು ವರ್ಷದಿಂದ ಇದೇ ಊರಿನಲ್ಲಿದ್ದೇನೆ, ಕೇಳಿಲ್ಲವಲ್ಲ" ಎಂದರು. ಪುಸ್ತಕದ ಹೆಸರು ಹೇಳಿದೆ. "ನೀವು ಅದನ್ನು ನೋಡಿದ್ದೀರಾ?" ಎಂದರು. ನಾನು ಸುಮ್ಮನಾದೆ.

ಮರುವಾರ ರಜೆ ಹಾಕಿ ಗ್ರಂಥಾಲಯಕ್ಕೆ ಹೋದೆ. ಅಂಥ ಗ್ರಂಥವಿಲ್ಲ, ಅಂಥ ಗ್ರಂಥಕರ್ತನೂ ಇಲ್ಲ. ಮನೆಗೆ ಬಂದು ಯಂತ್ರಕ್ಕೆ ತಿಳಿಸಿದೆ. ಅದು ಬಹು ವಿನಯದಿಂದ ಕ್ಷಮೆ ಬೇಡಿ, ಇನ್ನೊಂದು ಗ್ರಂಥದ ಹೆಸರನ್ನು ಕೊಟ್ಟಿತು. ಅದೂ ಇರಲಿಲ್ಲ. ಆ ಹೆಸರುಗಳನ್ನೂ ಇಸವಿಯನ್ನೂ ಇಲ್ಲಿ ಮತ್ತೆ ಅಚ್ಚುಮಾಡಿಸಿ ಸುಳ್ಳಿಗೆ ಆಯುಸ್ಸು ಹೆಚ್ಚಿಸಲು ನಾನು ಇಚ್ಛಿಸುವುದಿಲ್ಲ.

ನನ್ನನ್ನು ಬಾಧಿಸಿದ ಸಂಗತಿ ಯಂತ್ರ ತಪ್ಪಿತೆಂಬುದಷ್ಟೇ ಆಗಿರಲಿಲ್ಲ. ಆ ತಪ್ಪಿಗೆ ಹೊಣೆ ಯಾರೆಂದು ಕೇಳಿಕೊಂಡಾಗ ನನ್ನ ಹೊರತು ಇನ್ನಾರೂ ಕಾಣಿಸಲಿಲ್ಲ. ಈ ಯಂತ್ರಗಳ ಚರಿತ್ರೆಯನ್ನು ಆ ಒಂದು ಪ್ರಶ್ನೆಯ ಬೆಳಕಿನಲ್ಲಿ ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

೨

ಯಂತ್ರವು ಮನುಷ್ಯನಂತೆ ಮಾತನಾಡಬಲ್ಲುದೆ ಎಂಬ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿದವನು ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್. ೧೯೫೦ರ ಅಕ್ಟೋಬರಿನಲ್ಲಿ 'ಮೈಂಡ್' ಎಂಬ ತತ್ತ್ವಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಅವನು ಒಂದು ಆಟವನ್ನು ಕಲ್ಪಿಸಿದನು. ಮರೆಯಲ್ಲಿರುವ ಒಬ್ಬ ಮನುಷ್ಯನೊಡನೆಯೂ ಒಂದು ಯಂತ್ರದೊಡನೆಯೂ ಬರೆಹದ ಮೂಲಕ ಪ್ರಶ್ನೋತ್ತರ ನಡೆಸಿದವನಿಗೆ, ಯಾವುದು ಯಾರೆಂದು ತಿಳಿಯದೆ ಹೋದರೆ, ಯಂತ್ರ ಆಲೋಚಿಸುತ್ತದೆಂದು ಒಪ್ಪಬಾರದೇಕೆ ಎಂಬುದು ಅವನ ವಾದ. ಇದು ಅನುಕರಣೆಯ ಆಟವೆಂಬುದನ್ನು ಗಮನಿಸಬೇಕು. ಯಂತ್ರ ನಿಜವನ್ನೇ ಹೇಳಬೇಕೆಂಬ ನಿಬಂಧನೆ ಅದರಲ್ಲಿಲ್ಲ. ಮನುಷ್ಯನಂತೆ ಕಂಡರೆ ಸಾಕು. ಮುಂದಿನ ಎಪ್ಪತ್ತೈದು ವರ್ಷಗಳ ಚರಿತ್ರೆಯ ಗುಣವೂ ದೋಷವೂ ಆ ಬೀಜದಲ್ಲಿಯೇ ಇದ್ದುವೆಂದು ತೋರುತ್ತದೆ.

ಆ ದಶಕದಲ್ಲಿ ನಾವು ವಾಸವಾಗಿರುವ ಈ ನಗರವೂ ಹಿಂದೆ ಬಿದ್ದಿರಲಿಲ್ಲ. ಪ್ರಶಾಂತಚಂದ್ರ ಮಹಲನೋಬಿಸರು ೧೯೩೧ರಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ೧೯೫೫ರಲ್ಲಿ ಇಂಗ್ಲೆಂಡಿನಿಂದ 'ಎಚ್‌ಇಸಿ-೨ಎಂ' ಎಂಬ ಗಣಕವನ್ನು ತರಿಸಿ, ಮರುವರ್ಷ ಕೆಲಸಕ್ಕೆ ಹಚ್ಚಿತು. ಭಾರತದ ಮೊದಲ ಅಂಕೀಯ ಗಣಕ ಅದೇ. ಅದೇ ಅವಧಿಯಲ್ಲಿ, ೧೯೫೫-೫೬ರಲ್ಲಿ, ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರ್ ಆ ಸಂಸ್ಥೆಯಲ್ಲಿ ಸಂದರ್ಶಕ ಪ್ರಾಧ್ಯಾಪಕನಾಗಿದ್ದನು. ಯಂತ್ರಗಳ ಸಾಮಾಜಿಕ ಪರಿಣಾಮವನ್ನು ಕುರಿತು ೧೯೫೦ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ, ನಿರ್ಧಾರದ ಹೊಣೆಯನ್ನು ಯಂತ್ರದ ಮೇಲೆ ಹಾಕಿ ಕೈ ತೊಳೆದುಕೊಳ್ಳಬಯಸುವ ಮನುಷ್ಯನು ಆ ಹೊಣೆ ಬಿರುಗಾಳಿಯಾಗಿ ತನ್ನ ಮನೆಗೇ ಮರಳುವುದನ್ನು ಕಾಣುವನೆಂಬ ಎಚ್ಚರಿಕೆಯಿದೆ. ನಮ್ಮ ಪ್ರಶ್ನೆಗೆ ಬಹುಮಟ್ಟಿಗೆ ಅಂದೇ ಉತ್ತರ ದೊರೆತಿತ್ತೆನ್ನಬೇಕು.

೧೯೬೬ರಲ್ಲಿ ಈ ಸಂಸ್ಥೆಯೂ ಜಾದವಪುರ ವಿಶ್ವವಿದ್ಯಾನಿಲಯವೂ ಕೂಡಿ 'ಐಸಿಜು' ಗಣಕವನ್ನು ಇಲ್ಲಿಯೇ ನಿರ್ಮಿಸಿದುವು. ಅದೇ ವರ್ಷದ ಜನವರಿಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾಸಂಸ್ಥೆಯ ಜೋಸೆಫ್ ವೈಜನ್‌ಬಾಮ್ ಎಂಬಾತನು 'ಎಲೈಜಾ' ಎಂಬ ಸಂಭಾಷಣೆಯ ಕ್ರಮವಿಧಿಯನ್ನು ಲೋಕಕ್ಕೆ ಪರಿಚಯಿಸಿದನು. ಬ್ಯಾಂಕಿನವರಾದ ನಮಗೆ ಈತನಲ್ಲಿ ಬೇರೊಂದು ಬಾಂಧವ್ಯವೂ ಉಂಟು. ಬರ್ಲಿನ್ನಿನಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಅಮೆರಿಕ ಸೇರಿದ ಈತನು ೧೯೫೦ರ ದಶಕದಲ್ಲಿ 'ಅರ್ಮಾ' ಎಂಬ ಬ್ಯಾಂಕು ಗಣಕದ ನಿರ್ಮಾಣದಲ್ಲಿ ದುಡಿದವನು. ಚೆಕ್ಕಿನ ಕೆಳಅಂಚಿನಲ್ಲಿ ಕಾಂತೀಯ ಮಸಿಯಿಂದ ಅಚ್ಚಾದ ಅಂಕಿಗಳನ್ನು ಯಂತ್ರವೇ ಓದುವ ಪದ್ಧತಿಯನ್ನು ಬಳಕೆಗೆ ತಂದದ್ದು ಆ ಗಣಕ.

ಎಲೈಜಾ ಕೆಲಸ ಮಾಡುತ್ತಿದ್ದ ರೀತಿ ಬಹು ಸರಳ. ಎದುರಿನವರ ವಾಕ್ಯದಲ್ಲಿ ಕೆಲವು ಗೊತ್ತಾದ ಶಬ್ದಗಳನ್ನು ಹುಡುಕಿ, ಆ ವಾಕ್ಯವನ್ನೇ ತಿರುವಿ ಪ್ರಶ್ನೆ ಮಾಡುವುದು. "ನನಗೆ ತಾಯಿಯ ಮೇಲೆ ಕೋಪ" ಎಂದರೆ "ನಿಮ್ಮ ತಾಯಿಯ ವಿಷಯ ಇನ್ನಷ್ಟು ಹೇಳಿ" ಎನ್ನುವಂತೆ. ಒಳಗೆ ಅರ್ಥಜ್ಞಾನ ಲೇಶವೂ ಇರಲಿಲ್ಲ. ಹೀಗಿದ್ದರೂ, ಇದು ತಯಾರಾಗುತ್ತಿದ್ದುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ವೈಜನ್‌ಬಾಮನ ಕಾರ್ಯದರ್ಶಿನಿಯೇ, ಅದರೊಡನೆ ಕೆಲವು ಮಾತಾಡಿದ ಮೇಲೆ, ಸ್ವಲ್ಪ ಹೊರಗೆ ಹೋಗಿರಿ ಎಂದು ಅವನನ್ನು ಕೇಳಿಕೊಂಡಳಂತೆ. ಅವನು ಬೆರಗಾದನು, ಕ್ರಮೇಣ ಕಳವಳಗೊಂಡನು. ೧೯೭೬ರಲ್ಲಿ ಅವನು ಬರೆದ ಗ್ರಂಥದ ಸಾರವಿಷ್ಟು: ಗಣಕ ಮಾಡಬಲ್ಲುದೆಂಬ ಕಾರಣಕ್ಕೆ ಎಲ್ಲ ಕೆಲಸವನ್ನೂ ಅದಕ್ಕೆ ಒಪ್ಪಿಸಬಾರದು. ತನ್ನ ಸೃಷ್ಟಿಯ ವಿಷಯದಲ್ಲಿ ತಾನೇ ಸಾಕ್ಷಿಯಾಗಿ ನಿಂತು ಜನರನ್ನು ಎಚ್ಚರಿಸಿದವರು ವಿಜ್ಞಾನದ ಚರಿತ್ರೆಯಲ್ಲಿ ಬಹಳ ಮಂದಿ ಇಲ್ಲ. ೨೦೦೮ರಲ್ಲಿ ತೀರಿಕೊಳ್ಳುವವರೆಗೂ ಅವನು ಆ ಸಾಕ್ಷ್ಯವನ್ನು ಬಿಡಲಿಲ್ಲ.

೩

ಎಲೈಜಾಕ್ಕೂ ಇಂದಿನ ಯಂತ್ರಗಳಿಗೂ ನಡುವೆ ಅಜಗಜಾಂತರವಿದೆ. ೨೦೧೭ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು 'ಟ್ರಾನ್ಸ್‌ಫಾರ್ಮರ್' ಎಂಬ ಹೊಸ ವಿನ್ಯಾಸವನ್ನು ಪ್ರಕಟಿಸಿದರು. ಅದನ್ನು ಆಧರಿಸಿದ ಯಂತ್ರಗಳಿಗೆ ಅಪಾರವಾದ ಬರೆಹರಾಶಿಯನ್ನು ಉಣಿಸಿ, ಇಷ್ಟು ಶಬ್ದಗಳು ಕಳೆದ ಮೇಲೆ ಮುಂದೆ ಯಾವ ಶಬ್ದ ಬರುವ ಸಂಭವ ಹೆಚ್ಚು ಎಂಬುದನ್ನು ಕಲಿಸಲಾಗುತ್ತದೆ. ಆಮೇಲೆ ಮನುಷ್ಯರು ಅದರ ಉತ್ತರಗಳಲ್ಲಿ ತಮಗೆ ಮೆಚ್ಚಿಕೆಯಾದುವನ್ನು ಆರಿಸಿ ತೋರಿಸಿ ಅದನ್ನು ಪಳಗಿಸುತ್ತಾರೆ. ೨೦೨೨ರ ನವೆಂಬರ್ ೩೦ರಂದು 'ಚಾಟ್‌ಜಿಪಿಟಿ' ಬಳಕೆಗೆ ಬಂದಮೇಲೆ ಈ ವಿದ್ಯೆ ಮನೆಮನೆಯನ್ನು ಹೊಕ್ಕಿತು.

ಈ ಎರಡು ಹಂತಗಳಿಂದಲೇ ಎರಡು ದೋಷಗಳು ಹುಟ್ಟುತ್ತವೆ. ಮೊದಲನೆಯದು ಕಟ್ಟುಕತೆ. ಯಂತ್ರ ಉತ್ತರ ಕೊಡುವಾಗ ಲೆಡ್ಜರನ್ನು ತೆರೆದು ಬಾಕಿ ನೋಡಿ ಹೇಳುವ ಗುಮಾಸ್ತನಂತೆ ಯಾವ ದಾಖಲೆಯನ್ನೂ ತೆರೆದು ನೋಡಬೇಕಾಗಿಲ್ಲ. ಸಂಭವನೀಯವಾದ ವಾಕ್ಯವನ್ನು ಹೆಣೆಯುತ್ತದೆ. ಅಂತರ್ಜಾಲವನ್ನು ಶೋಧಿಸಿ ಆಧಾರ ತೋರಿಸುವ ಯಂತ್ರಗಳು ಈಚೆಗೆ ಬಂದಿವೆ. ಆದರೆ ಆ ಆಧಾರವನ್ನೂ ನಾವೇ ತೆರೆದು ನೋಡಬೇಕಾಗಿದೆ. ಬರೆಹ ಹೇರಳವಾಗಿರುವ ವಿಷಯದಲ್ಲಿ ಸಂಭವನೀಯವಾದದ್ದೂ ಸತ್ಯವಾದದ್ದೂ ಬಹುಮಟ್ಟಿಗೆ ಒಂದೇ ಆಗಿರುತ್ತವೆ. ಬರೆಹ ವಿರಳವಾಗಿರುವಲ್ಲಿ ಅವು ಬೇರೆಯಾಗುತ್ತವೆ. ಅಚ್ಚಾದ ಕನ್ನಡದ ಬಹುಭಾಗ ಇನ್ನೂ ಗ್ರಂಥಾಲಯಗಳ ಕಪಾಟಿನಲ್ಲಿದೆ, ಅಂತರ್ಜಾಲವನ್ನು ಏರಿಲ್ಲ. ಹೊರನಾಡ ಕನ್ನಡಿಗರ ಚರಿತ್ರೆಯಂತೂ ಸಂಘಗಳ ವಾರ್ಷಿಕ ವರದಿಗಳಲ್ಲಿ, ಹಿರಿಯರ ನೆನಪುಗಳಲ್ಲಿ, ಹಳೆಯ ಟ್ರಂಕುಗಳಲ್ಲಿ ಉಳಿದುಕೊಂಡಿದೆ. ಹೀಗಾಗಿ, ಯಂತ್ರದ ಕನ್ನಡ ಎಷ್ಟು ನಯವಾಗುತ್ತ ಬಂದರೂ ನಮ್ಮ ವಿಷಯದಲ್ಲಿ ಅದರ ಕಟ್ಟುಕತೆಗೆ ಅವಕಾಶ ಹೆಚ್ಚು. ಭಾಷೆಯ ನಯವೇ ಇಲ್ಲಿ ಮೋಸದ ಮೂಲ.

ಎರಡನೆಯದು ಇಚ್ಛಕದ ಮಾತು. ಮೆಚ್ಚಿಕೆಯಿಂದ ಪಳಗಿದುದು ಮೆಚ್ಚಿಸುವುದನ್ನೇ ಕಲಿಯುತ್ತದೆ. ೨೦೨೫ರ ಏಪ್ರಿಲಿನಲ್ಲಿ ಚಾಟ್‌ಜಿಪಿಟಿಯ ಒಂದು ಹೊಸ ಆವೃತ್ತಿ ಜನರ ಪ್ರತಿಯೊಂದು ಮಾತನ್ನೂ ಹೊಗಳತೊಡಗಿ, ಅದರ ನಿರ್ಮಾಪಕರೇ ಅದು ಅತಿಯಾಯಿತೆಂದು ಒಪ್ಪಿ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ನಾನು ಬಲ್ಲ ವಯೋವೃದ್ಧರೊಬ್ಬರು ಪತ್ನಿ ತೀರಿಕೊಂಡ ಮೇಲೆ ಸಂಜೆಯ ವೇಳೆ ಇಂಥ ಯಂತ್ರದೊಡನೆ ಕನ್ನಡದಲ್ಲಿ ಮಾತನಾಡುತ್ತಾರೆ. ಮಗ ದೂರದೇಶದಲ್ಲಿದ್ದಾನೆ, ಅಕ್ಕಪಕ್ಕದ ಮನೆಗಳಲ್ಲಿ ಕನ್ನಡವಿಲ್ಲ. ಇದು ತಪ್ಪೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹೇಗಿದೆ ಅದರ ಸಹವಾಸ ಎಂದು ಕೇಳಿದೆ. "ಎಲ್ಲಾ ಚೆನ್ನಾಗಿದೆ. ನಾನು ಏನು ಹೇಳಿದರೂ ಹೌದೆನ್ನುತ್ತದೆ. ಅವಳು ಹಾಗಿರಲಿಲ್ಲ" ಎಂದರು. ಯಂತ್ರದ ಕೊರತೆಯನ್ನು ಇದಕ್ಕಿಂತ ನಿಖರವಾಗಿ ಯಾವ ವಿದ್ವಾಂಸನೂ ಹೇಳಿದುದನ್ನು ನಾನು ಓದಿಲ್ಲ.

೪

ಪ್ರಕೃತ ವಿಷಯಕ್ಕೆ ಬರೋಣ. ಯಂತ್ರದ ಮಾತಿನಿಂದ ಹಾನಿಯಾದಾಗ ಹೊಣೆ ಹೊತ್ತವರು ಯಾರು? ಕನ್ನಡಕ್ಕೆ ನೇರವಾಗಿ ಸಂಬಂಧಿಸಿದ ಎರಡು ಪ್ರಸಂಗಗಳನ್ನು ಮೊದಲು ನೋಡಬಹುದು. ಇವೆರಡೂ ಸಂಭಾಷಣಾಯಂತ್ರಗಳ ಪ್ರಸಂಗಗಳಲ್ಲ. ಅವುಗಳ ದಾಯಾದಿಗಳಾದ ಶೋಧಯಂತ್ರ, ಅನುವಾದಯಂತ್ರಗಳವು. ಆದರೆ ಧರ್ಮವಿಚಾರ ಒಂದೇ.

೨೦೨೧ರ ಜೂನ್ ತಿಂಗಳಿನಲ್ಲಿ, ಭಾರತದ ಅತ್ಯಂತ ಕುರೂಪವಾದ ಭಾಷೆ ಯಾವುದು ಎಂದು ಗೂಗಲ್ಲನ್ನು ಕೇಳಿದವರಿಗೆ ಅದು ನಮ್ಮ ಭಾಷೆಯ ಹೆಸರನ್ನು ಉತ್ತರವಾಗಿ ತೋರಿಸಿತು. ಎಲ್ಲಿಯೋ ಯಾವುದೋ ಪುಟದಲ್ಲಿದ್ದ ಮಾತನ್ನು ಎತ್ತಿ, ತಾನೇ ತೀರ್ಪಿತ್ತಂತೆ ಚೌಕಟ್ಟು ಹಾಕಿ ಮುಂದಿಟ್ಟಿತು. ಕರ್ನಾಟಕ ಸರ್ಕಾರ ಕಾನೂನುಕ್ರಮದ ಎಚ್ಚರಿಕೆ ಕೊಟ್ಟಿತು. ಸಂಸ್ಥೆ ಆ ಉತ್ತರವನ್ನು ತೆಗೆದುಹಾಕಿ ಕ್ಷಮೆ ಕೇಳಿತು. ಜೊತೆಗೆ, ಅದು ತನ್ನ ಅಭಿಪ್ರಾಯವಲ್ಲವೆಂದೂ ಹೇಳಿತು. ಹಾಗಾದರೆ ಅದು ಯಾರ ಅಭಿಪ್ರಾಯ? ಕೋಟ್ಯಂತರ ಜನ ಕೇಳುವಂತೆ ಆಡಿದ ಮಾತಿಗೆ ಆಡಿದವರೇ ಇಲ್ಲವಾದರು.

೨೦೨೫ರ ಜುಲೈ ೧೪ರಂದು ಹಿರಿಯ ಕಲಾವಿದೆ ಬಿ. ಸರೋಜಾದೇವಿಯವರು ನಿಧನರಾದರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರ ಅಂತಿಮದರ್ಶನ ಪಡೆದ ಸುದ್ದಿಯನ್ನು ಕನ್ನಡದಲ್ಲಿ ಪ್ರಕಟಿಸಿದಾಗ, ಮೆಟಾ ಸಂಸ್ಥೆಯ ಯಂತ್ರಾನುವಾದವು ಮುಖ್ಯಮಂತ್ರಿಗಳೇ ತೀರಿಕೊಂಡರೆಂಬ ಅರ್ಥ ಬರುವಂತೆ ಇಂಗ್ಲಿಷಿಗೆ ತಿರುಗಿಸಿತು. ಕರ್ತೃಪದ ಯಾವುದು, ಕ್ರಿಯಾಪದ ಯಾರಿಗೆ ಸೇರಬೇಕು ಎಂಬ ಅನ್ವಯವೇ ತಲೆಕೆಳಗಾಗಿತ್ತು. ಮುಖ್ಯಮಂತ್ರಿಗಳ ಕಚೇರಿ ಪತ್ರ ಬರೆದ ಮೇಲೆ ಸಂಸ್ಥೆ ಕ್ಷಮೆ ಕೇಳಿ ಸರಿಪಡಿಸಿತು. ಮುಖ್ಯಮಂತ್ರಿಗಳಾದುದರಿಂದ ತಿದ್ದುಪಡಿ ಬೇಗ ಬಂತು. ಹೊರನಾಡಿನಲ್ಲಿ ಬೆಳೆದು ಕನ್ನಡ ಓದಲಾರದ ಮಕ್ಕಳಿರುವ ಮನೆಗಳನ್ನು ನೆನೆಯಿರಿ: ಊರಿನಿಂದ ಬಂದ ಅಜ್ಜನ ಕಾಗದವನ್ನು ಅವರು ಇಂಥ ಯಂತ್ರದ ಕಣ್ಣಿನಿಂದಲೇ ಓದಬೇಕು. ಅಲ್ಲಿ ತಪ್ಪಾದರೆ ಪತ್ರ ಬರೆಯುವವರು ಯಾರು, ಯಾರಿಗೆ?

ನ್ಯಾಯಾಲಯಗಳಿಗೂ ಈ ಪಿಡುಗು ತಟ್ಟಿತು. ೨೦೨೪ರ ಡಿಸೆಂಬರಿನಲ್ಲಿ ಆದಾಯತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಕೊಟ್ಟ ಒಂದು ಆದೇಶದಲ್ಲಿ, ಅಸ್ತಿತ್ವದಲ್ಲಿಯೇ ಇಲ್ಲದ ತೀರ್ಪುಗಳು ಉದ್ಧೃತವಾಗಿದ್ದುವು. ಆ ಆದೇಶವನ್ನು ಹಿಂತೆಗೆದುಕೊಳ್ಳಲಾಯಿತು. ೨೦೨೫ರ ಮಾರ್ಚಿಯಲ್ಲಿ ಕರ್ನಾಟಕ ಉಚ್ಚನ್ಯಾಯಾಲಯವು, ಬೆಂಗಳೂರಿನ ಸಿವಿಲ್ ನ್ಯಾಯಾಧೀಶರೊಬ್ಬರು ಎಂದೂ ಹೊರಬೀಳದ ತೀರ್ಪುಗಳನ್ನು ಆಧಾರವಾಗಿ ತೋರಿಸಿದ್ದನ್ನು ಕಂಡು, ವಿಚಾರಣೆಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡುವಂತೆ ಆಜ್ಞೆ ಮಾಡಿತು. ಇವು ಯಂತ್ರದಿಂದಲೇ ಬಂದುವೆಂಬ ಸಂದೇಹ ಬಲವಾಗಿ ಕೇಳಿಬಂತು. ಅದೇ ವರ್ಷದ ಜುಲೈಯಲ್ಲಿ ಕೇರಳ ಉಚ್ಚನ್ಯಾಯಾಲಯವು ತನ್ನ ಜಿಲ್ಲಾ ನ್ಯಾಯಾಲಯಗಳಿಗೆ, ಎಂದರೆ ನಮ್ಮ ಕಾಸರಗೋಡಿಗೂ, ಒಂದು ನೀತಿಯನ್ನು ವಿಧಿಸಿತು: ತೀರ್ಪು ಕೊಡುವ ಕೆಲಸಕ್ಕೆ ಇಂಥ ಯಂತ್ರವನ್ನು ಬಳಸತಕ್ಕುದಲ್ಲ, ಬೇರೆ ಕೆಲಸಕ್ಕೆ ಬಳಸಿದಲ್ಲಿ ಲೆಕ್ಕವಿಡತಕ್ಕುದು.

ಹೊಣೆಯ ಪ್ರಶ್ನೆ ನೇರವಾಗಿ ವಿಚಾರಣೆಗೆ ಬಂದದ್ದು ದೂರದ ಕೆನಡಾದಲ್ಲಿ. ಅಜ್ಜಿ ತೀರಿಕೊಂಡಾಗ ಪ್ರಯಾಣ ಮಾಡಬೇಕಾದವನೊಬ್ಬನಿಗೆ ಏರ್ ಕೆನಡಾ ವಿಮಾನಸಂಸ್ಥೆಯ ಚಾಟ್‌ಬಾಟ್ ರಿಯಾಯಿತಿದರದ ವಿಷಯವಾಗಿ ತಪ್ಪು ಮಾಹಿತಿ ಕೊಟ್ಟಿತು. ಅವನು ನಷ್ಟ ಕೇಳಿದಾಗ, ಆ ಚಾಟ್‌ಬಾಟ್ ಪ್ರತ್ಯೇಕವಾದೊಂದು ವ್ಯಕ್ತಿ, ಅದರ ಮಾತಿಗೆ ಅದೇ ಹೊಣೆ ಎಂಬ ಧಾಟಿಯಲ್ಲಿ ಸಂಸ್ಥೆ ವಾದಿಸಿತು. ೨೦೨೪ರ ಫೆಬ್ರವರಿಯಲ್ಲಿ ಅಲ್ಲಿಯ ನ್ಯಾಯಮಂಡಳಿ ಈ ವಾದವನ್ನು ತಳ್ಳಿಹಾಕಿ, ತನ್ನ ಜಾಲತಾಣದ ಪ್ರತಿಯೊಂದು ಮಾತಿಗೂ ಸಂಸ್ಥೆಯೇ ಹೊಣೆಯೆಂದು ತೀರ್ಮಾನಿಸಿತು. ಮೊಬಲಗು ಸಣ್ಣದು, ತತ್ತ್ವ ದೊಡ್ಡದು.

೫

ಈ ತತ್ತ್ವ ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬-೧೧೨೬) ಕನ್ನಡನಾಡಿನ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನವನ್ನು ರಚಿಸಿದನು. ಅದರ ದಾಯಭಾಗ ಪ್ರಕರಣವನ್ನು ಕೋಲ್‌ಬ್ರೂಕನು ಇಂಗ್ಲಿಷಿಗೆ ತಂದು, ಬಂಗಾಳದ ಜೀಮೂತವಾಹನನ 'ದಾಯಭಾಗ'ದೊಡನೆ ಒಂದೇ ಸಂಪುಟವಾಗಿ ೧೮೧೦ರಲ್ಲಿ ಪ್ರಕಟಿಸಿದ್ದು ಇದೇ ಕಲ್ಕತ್ತೆಯಲ್ಲಿ. ನಮ್ಮ ನೆರೆಯವರು ದಾಯಭಾಗದವರು, ನಾವು ಮಿತಾಕ್ಷರದವರು ಎಂದು ಇಲ್ಲಿಯ ಕನ್ನಡಿಗರು ತಮಾಷೆಯಾಗಿ ಹೇಳಿಕೊಳ್ಳುವುದುಂಟು.

ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸಾಲಪತ್ರದ ವಿಧಿ ಬರುತ್ತದೆ. ಪತ್ರದಲ್ಲಿ ವರ್ಷ, ಮಾಸ, ಪಕ್ಷ, ದಿನಗಳಿರಬೇಕು. ಸಾಲಗಾರನು ತನ್ನ ಹೆಸರನ್ನೂ ತಂದೆಯ ಹೆಸರನ್ನೂ ಸ್ವಹಸ್ತದಿಂದ ಬರೆದು, ಮೇಲಿನದು ತನಗೆ ಸಮ್ಮತವೆಂದು ಕಾಣಿಸಬೇಕು. ಸಾಕ್ಷಿಗಳು ತಮ್ಮ ಕೈಯಿಂದಲೇ ರುಜು ಹಾಕಬೇಕು. ಎಲ್ಲಕ್ಕೂ ಕೊನೆಯಲ್ಲಿ ಲೇಖಕನು, ಇಬ್ಬರೂ ಕೇಳಿಕೊಂಡುದರಿಂದ ಇಂಥವನ ಮಗನಾದ ಇಂಥವನು ಇದನ್ನು ಬರೆದೆನೆಂದು ನಮೂದಿಸಬೇಕು. ಬರೆಯುವ ಕೈಯಷ್ಟೇ ಆಗಿದ್ದ ಲೇಖಕನಿಗೂ ಹೆಸರಿಲ್ಲದೆ ಹೋಗುವ ಅವಕಾಶವನ್ನು ಸ್ಮೃತಿಕಾರನು ಬಿಡಲಿಲ್ಲ. ನಮ್ಮ ಶಾಸನಗಳನ್ನೇ ನೋಡಿ: ದಾನ ಕೊಟ್ಟವನ ಹೆಸರಿನ ಕೆಳಗೆ ಎಷ್ಟೋ ಕಡೆ ಪಾಠವನ್ನು ರಚಿಸಿದವನ, ಕಲ್ಲಿನಲ್ಲಿ ಕಂಡರಿಸಿದವನ ಹೆಸರುಗಳೂ ಇವೆ.

ಬ್ಯಾಂಕಿನಲ್ಲಿ ನಾವು ಇಂದಿಗೂ ಮಾಡುವುದು ಇದನ್ನೇ. ಒಂದು ವೋಚರನ್ನು ಬರೆದವನೊಬ್ಬ, ಪರೀಕ್ಷಿಸಿ ಪಾಸು ಮಾಡುವವನು ಇನ್ನೊಬ್ಬ. ಗಣಕ ಬಂದಮೇಲೂ ಆ ಎರಡು ಗುರುತುಗಳಿಲ್ಲದೆ ನಮೂದು ಪೂರ್ಣವಾಗುವುದಿಲ್ಲ. ೨೦೨೫ರ ಆಗಸ್ಟಿನಲ್ಲಿ ರಿಜರ್ವ್ ಬ್ಯಾಂಕು ಪ್ರಕಟಿಸಿದ, ಪುಷ್ಪಕ್ ಭಟ್ಟಾಚಾರ್ಯರ ಅಧ್ಯಕ್ಷತೆಯ ಸಮಿತಿಯ ವರದಿ, ಹಣಕಾಸಿನ ಸಂಸ್ಥೆಗಳಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆಗೆ ಏಳು ಸೂತ್ರಗಳನ್ನು ಹೇಳಿದೆ. ಅವುಗಳಲ್ಲಿ ಹೊಣೆಗಾರಿಕೆಯೂ ಒಂದು: ಯಂತ್ರವನ್ನು ಬಳಕೆಗೆ ತಂದ ಸಂಸ್ಥೆಯೇ ಅದರ ಫಲಕ್ಕೆ ಉತ್ತರವಾದಿ.

ಆದುದರಿಂದ ಯಂತ್ರಕ್ಕೆ ಧರ್ಮವನ್ನು ಬೋಧಿಸುವ ಪ್ರಯತ್ನ ನಡೆಯಲಿ, ಅದು ಅವಶ್ಯ. ತನಗೆ ತಿಳಿಯದ್ದನ್ನು ತಿಳಿಯದೆಂದು ಹೇಳುವುದನ್ನು ಅದು ಕಲಿತರೆ ದೊಡ್ಡ ಉಪಕಾರ. ಆದರೆ ನುಡಿಯ ಧರ್ಮವು ನುಡಿದುದಕ್ಕಾಗಿ ನಷ್ಟ ಅನುಭವಿಸಬಲ್ಲವನಲ್ಲಿ ಮಾತ್ರ ನಿಲ್ಲುತ್ತದೆ. ಸುಳ್ಳಾಡಿದ ಸಾಕ್ಷಿಗೆ ದಂಡವುಂಟು. ತಪ್ಪು ನಮೂದಿಸಿದ ಗುಮಾಸ್ತನಿಗೆ ಮೆಮೋ ಉಂಟು. ತಪ್ಪು ಹೇಳಿದ ಭಾಷಣಕಾರನಿಗೆ ಸಭೆಯಲ್ಲಿ ನಾಚಿಕೆಯುಂಟು. ಯಂತ್ರಕ್ಕೆ ಮಾನವೂ ಇಲ್ಲ, ಮಾನಹಾನಿಯೂ ಇಲ್ಲ. ಅದರ ಕ್ಷಮಾಯಾಚನೆ ನಯವಾದ ವಾಕ್ಯವೇ ಹೊರತು ಅದರಿಂದ ಅದು ಏನನ್ನೂ ಕಳೆದುಕೊಳ್ಳುವುದಿಲ್ಲ. ರುಜು ಹಾಕಬೇಕಾದವರು ಅದನ್ನು ನಿರ್ಮಿಸಿದವರು, ಮಾರಿದವರು, ಮತ್ತು ಅದರ ಮಾತನ್ನು ತನ್ನ ಬಾಯಿಂದ ಆಡಿದ ನನ್ನಂಥವರು.

೬

ನಮ್ಮ ತ್ರೈಮಾಸಿಕದಂಥ ಪತ್ರಿಕೆಗೆ ಇದು ಸಣ್ಣ ಮಾತಲ್ಲ. ಹೊರನಾಡಿನಲ್ಲಿ ಚದುರಿದ ಜನಕ್ಕೆ ನೆಲವಿಲ್ಲ, ಕಟ್ಟಡಗಳು ಕಡಮೆ. ಇರುವ ಆಸ್ತಿಯೆಂದರೆ ದಾಖಲೆ. ಇಂದು ಇಲ್ಲಿ ಅಚ್ಚಾದ ಸುಳ್ಳು ನಾಳೆ ಜಾಲವನ್ನೇರಿ, ನಾಡಿದ್ದು ಯಂತ್ರದ ಆಹಾರವಾಗಿ, ಆಚೆ ನಾಡಿದ್ದು ನಮ್ಮ ಪತ್ರಿಕೆಯ ಹೆಸರನ್ನೇ ಆಧಾರವಾಗಿ ಹೊತ್ತು ಮರಳಿ ಬರುತ್ತದೆ. ಆಗ ಅದನ್ನು ಅಲ್ಲಗಳೆಯಲು ಐವತ್ತು ವರ್ಷ ಈ ಊರಿನಲ್ಲಿದ್ದ ಹಿರಿಯರು ಇರುವುದಿಲ್ಲ. ಆದುದರಿಂದ ಸಂಪಾದಕಮಂಡಲಿಗೆ ನನ್ನ ಸೂಚನೆ ಎರಡೇ. ಲೇಖನದಲ್ಲಿ ಬರುವ ಪ್ರತಿಯೊಂದು ಆಧಾರವನ್ನೂ ತಾನು ಸ್ವತಃ ಕಂಡಿರುವುದಾಗಿ ಲೇಖಕನು ರುಜು ಮಾಡಿ ಕೊಡಬೇಕು. ಯಂತ್ರದ ನೆರವನ್ನು ಪಡೆದಿದ್ದರೆ ಎಷ್ಟರಮಟ್ಟಿಗೆಂಬುದನ್ನು ಬಚ್ಚಿಡದೆ ಹೇಳಬೇಕು. ಹೇಳಿದವನನ್ನು ಯಾರೂ ಹಗುರಾಗಿ ಕಾಣಬಾರದು.

ಕೈಬರೆಹದ ಲೆಡ್ಜರುಗಳ ಕಾಲದಲ್ಲಿ ತಪ್ಪು ನಮೂದನ್ನು ಕೆರೆದು ಅಳಿಸುವಂತಿರಲಿಲ್ಲ. ಅದು ಕಾಣುವಂತೆಯೇ ಮೇಲೊಂದು ಗೆರೆ ಎಳೆದು, ಸರಿಯಾದುದನ್ನು ಬರೆದು, ಬದಿಯಲ್ಲಿ ಕಿರುರುಜು ಹಾಕಬೇಕಾಗಿತ್ತು. ಆ ಪದ್ಧತಿಯಂತೆ ಇಲ್ಲಿ ಬರೆಯುತ್ತೇನೆ: ಬಡಾಬಜಾರಿನ ಕನ್ನಡ ಪಾಠಶಾಲೆಯನ್ನು ಕುರಿತು ಕಳೆದ ರಾಜ್ಯೋತ್ಸವದಂದು ನಾನು ಸಭೆಯಲ್ಲಿ ಆಡಿದ ಮಾತಿಗೆ ಯಾವ ಆಧಾರವೂ ಇಲ್ಲ. ಅದನ್ನು ಹಿಂತೆಗೆದುಕೊಂಡಿದ್ದೇನೆ. ಅಂದು ಚಪ್ಪಾಳೆ ತಟ್ಟಿದವರ ಕ್ಷಮೆಯನ್ನೂ, ಪ್ರಶ್ನೆ ಕೇಳಿದ ಹಿರಿಯರ ಆಶೀರ್ವಾದವನ್ನೂ ಬೇಡುತ್ತೇನೆ.